ಆಕಾಶದ ಕಣ್ಣು: ಒಂದು ರೂಪಕದ ವಿಮರ್ಶೆ

೧

ಭಾರತದ ಭೂವೀಕ್ಷಕ ಉಪಗ್ರಹಗಳ ವಿಷಯವಾಗಿ ಕನ್ನಡದಲ್ಲಿ ಬರುವ ಬರೆಹಗಳು ಬಹುಮಟ್ಟಿಗೆ ಒಂದೇ ರೂಪಕವನ್ನು ಆಶ್ರಯಿಸಿವೆ. ಉಪಗ್ರಹವು ಆಕಾಶದ ಕಣ್ಣು. ಅದನ್ನು ದೇಶವು ತಾನೇ ನಿರ್ಮಿಸಿಕೊಂಡದ್ದಾದರೆ ಅದು ದೇಶದ ಸ್ವಂತ ಕಣ್ಣು. ಅದರ ಚಿತ್ರದಲ್ಲಿ ತೋರುವ ವಿವರಗಳು ಹೆಚ್ಚಿದಷ್ಟೂ ಆ ಕಣ್ಣು ಚುರುಕಾಯಿತು. ವೃತ್ತಪತ್ರಿಕೆಗಳಲ್ಲಿಯೂ ಜನಸಾಮಾನ್ಯರಿಗಾಗಿ ಬರೆದ ವಿಜ್ಞಾನಲೇಖನಗಳಲ್ಲಿಯೂ ಈ ಮಾತು ಎಷ್ಟು ಬೇರೂರಿದೆಯೆಂದರೆ, ಇದು ರೂಪಕವೆಂಬ ಎಚ್ಚರವೇ ಓದುವವರಲ್ಲಿ ಉಳಿದಂತಿಲ್ಲ. ರೂಪಕವು ಹೀಗೆ ಸವೆದು ರೂಢಿಯ ಮಾತಾದಾಗ ಅಲಂಕಾರದ ಸ್ಥಾನವನ್ನು ಬಿಟ್ಟು ಅಭಿಪ್ರಾಯದ ಸ್ಥಾನಕ್ಕೆ ಬಂದು ಕುಳಿತುಕೊಳ್ಳುತ್ತದೆ. ಅದನ್ನು ನಂಬಿ ತೀರ್ಮಾನಗಳಾಗುತ್ತವೆ, ಧನವ್ಯಯವಾಗುತ್ತದೆ, ನಿಯಮಗಳು ಹುಟ್ಟುತ್ತವೆ. ಆದಕಾರಣ ಈ ರೂಪಕವನ್ನು ಅಲಂಕಾರಶಾಸ್ತ್ರದ ಕ್ರಮದಲ್ಲಿಯೇ ಪರೀಕ್ಷಿಸಿ, ಉಪಮಾನೋಪಮೇಯಗಳಿಗೆ ಅಭೇದವನ್ನು ಹೇಳುವಷ್ಟು ಸಾಧಾರಣಧರ್ಮವು ಅಲ್ಲಿ ಇದೆಯೇ, ಇದ್ದರೆ ಎಷ್ಟರಮಟ್ಟಿಗೆ ಇದೆ, ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯವಾಗಿದೆ.

೨

ಮೊದಲು ರೂಪಕದ ಗುಣಪಕ್ಷವನ್ನು ಹೇಳುವುದು ನ್ಯಾಯ. ‘ಸ್ವಂತ’ ಎಂಬ ವಿಶೇಷಣವು ಸುಲಭವಾಗಿ ದೊರೆತದ್ದಲ್ಲ. ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ ಆರ್ಯಭಟವು ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದುದು. ಭೂಮಿಯನ್ನು ಚಿತ್ರಿಸುವ ಸಾಧನವು ಅದರಲ್ಲಿರಲಿಲ್ಲ. ೧೯೭೯ರ ಜೂನ್ ೭ರಂದು ಸೋವಿಯತ್ ನೆಲದಿಂದ ಹೊರಟ ಭಾಸ್ಕರವು ಭೂಮಿಯ ಕಡೆಗೆ ಮುಖಮಾಡಿದ ಮೊದಲನೆಯ ಭಾರತೀಯ ಉಪಗ್ರಹ. ಅದರ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಒಂದೊಂದು ಬಿಂದುವೂ ನೆಲದ ಮೇಲಿನ ಸುಮಾರು ಒಂದು ಕಿಲೋಮೀಟರು ಉದ್ದಗಲದ ಚೌಕಕ್ಕೆ ಸಮ. ಒಂದು ಸಣ್ಣ ಹಳ್ಳಿ, ಅದರ ಕೆರೆ, ತೋಟ, ಗುಂಡುತೋಪು ಇವೆಲ್ಲವೂ ಒಂದೇ ಬಿಂದುವಿನಲ್ಲಿ ಅಡಗಿಹೋಗುತ್ತಿದ್ದವು.

೧೯೮೮ರ ಮಾರ್ಚ್ ೧೭ರಂದು ಬೈಕನೂರಿನಿಂದ ಹೊರಟ ಐ.ಆರ್.ಎಸ್.-೧ಎ ಉಪಗ್ರಹದಲ್ಲಿ ಎರಡು ಬಗೆಯ ಕ್ಯಾಮೆರಾಗಳಿದ್ದವು. ಒಂದರ ಬಿಂದು ೭೨.೫ ಮೀಟರು, ಇನ್ನೊಂದರದು ೩೬.೨೫ ಮೀಟರು. ರೈತನ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು ೧ ಎಕರೆ ೧೨ ಗುಂಟೆ, ಎರಡನೆಯದು ಸುಮಾರು ೧೩ ಗುಂಟೆ. ೧೯೯೫ರ ಡಿಸೆಂಬರ್ ೨೮ರಂದು ಮೇಲೇರಿದ ಐ.ಆರ್.ಎಸ್.-೧ಸಿ ಈ ಬಿಂದುವನ್ನು ೫.೮ ಮೀಟರಿಗೆ, ಎಂದರೆ ಗುಂಟೆಯ ಮೂರರಲ್ಲೊಂದು ಪಾಲಿಗೆ, ಇಳಿಸಿತು. ಸೇನೆಗೆ ಸೇರದ ಉಪಗ್ರಹಗಳಲ್ಲಿ ಅಷ್ಟು ಸೂಕ್ಷ್ಮವಾದುದು ಅಂದು ಬೇರೊಂದಿರಲಿಲ್ಲ. ೨೦೦೧ರಲ್ಲಿ ಪ್ರಯೋಗಾರ್ಥವಾಗಿ ಕಳುಹಿಸಿದ ಟಿ.ಇ.ಎಸ್. ಒಂದು ಮೀಟರನ್ನು ಮುಟ್ಟಿತು. ೨೦೦೫ರ ಮೇ ೫ರಂದು ಶ್ರೀಹರಿಕೋಟೆಯಿಂದ ಹೊರಟ ಕಾರ್ಟೊಸ್ಯಾಟ್-೧, ೨೦೦೭ರ ಜನವರಿ ೧೦ರ ಕಾರ್ಟೊಸ್ಯಾಟ್-೨ ಇವುಗಳ ತರುವಾಯ, ೨೦೧೯ರ ನವೆಂಬರ್ ೨೭ರಂದು ಕಾರ್ಟೊಸ್ಯಾಟ್-೩ ೫೦೯ ಕಿಲೋಮೀಟರು ಎತ್ತರದ ಕಕ್ಷೆಯನ್ನು ಸೇರಿತು. ಅದರ ಕಪ್ಪುಬಿಳುಪಿನ ಚಿತ್ರದ ಬಿಂದು ೦.೨೫ ಮೀಟರು, ಸುಮಾರು ಒಂದು ಗೇಣು. ಕಿಲೋಮೀಟರಿನಿಂದ ಗೇಣಿಗೆ ಇಳಿಯಲು ಭಾರತಕ್ಕೆ ನಲವತ್ತು ವರ್ಷಗಳು ಹಿಡಿದವು.

ಇಷ್ಟು ಶ್ರಮವು ಏತಕ್ಕೆ, ಚಿತ್ರಗಳನ್ನು ಪರದೇಶಗಳಿಂದ ಕೊಂಡುಕೊಳ್ಳಬಹುದಾಗಿತ್ತಲ್ಲವೆ, ಎಂಬ ಪ್ರಶ್ನೆಗೆ ಉತ್ತರವು ೨೦೦೧ರ ಅಕ್ಟೋಬರಿನಲ್ಲಿ ದೊರೆಯಿತು. ಒಂದು ಮೀಟರಿನ ಸೂಕ್ಷ್ಮತೆಯ ಚಿತ್ರಗಳನ್ನು ಬೆಲೆಗೆ ಮಾರುತ್ತಿದ್ದ ಅಮೆರಿಕದ ಐಕೊನೊಸ್ ಉಪಗ್ರಹವು ೧೯೯೯ರಿಂದ ಕಕ್ಷೆಯಲ್ಲಿದ್ದಿತು. ಆಫ್ಘಾನಿಸ್ತಾನದಲ್ಲಿ ಯುದ್ಧವು ಮೊದಲಾದೊಡನೆ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಆ ದೇಶದ ಮೇಲಿನ ಐಕೊನೊಸ್ ಚಿತ್ರಗಳ ಸಮಸ್ತ ಹಕ್ಕನ್ನೂ ತಾನೇ ಕೊಂಡುಕೊಂಡಿತು. ಉಳಿದವರಿಗೆ ಆ ಅಂಗಡಿಯ ಬಾಗಿಲು ಮುಚ್ಚಿತು. ಕೊಂಡ ನೋಟವು ಮಾರುವವನ ಅನುಕೂಲವಿರುವ ತನಕ ಮಾತ್ರ ಕೊಂಡವನದು ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ತಿಂಗಳು ೨೨ನೆಯ ತಾರೀಖು ಭಾರತದ ಟಿ.ಇ.ಎಸ್. ಮೇಲೇರಿದ್ದು ಕಾಕತಾಳೀಯವೇ ಇರಬಹುದು. ಆದರೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ‘ಸ್ವಂತ ಕಣ್ಣು’ ಎಂಬ ಮಾತಿನ ಹಿಂದಿರುವ ಆತಂಕವು ಅರ್ಥವಾಗುತ್ತದೆ.

ಕಾರ್ಟೊಸ್ಯಾಟ್-೧ರಲ್ಲಿ ರೂಪಕವು ಅಕ್ಷರಾರ್ಥಕ್ಕೂ ಹತ್ತಿರವಾಗಿದೆ. ಅದಕ್ಕೆ ಎರಡು ಕ್ಯಾಮೆರಾಗಳು. ಒಂದು ೨೬ ಡಿಗ್ರಿ ಮುಂದಕ್ಕೂ ಇನ್ನೊಂದು ೫ ಡಿಗ್ರಿ ಹಿಂದಕ್ಕೂ ಬಾಗಿ, ಒಂದೇ ನೆಲವನ್ನು ಎರಡು ಕೋನಗಳಿಂದ ಚಿತ್ರಿಸಿದವು. ಮನುಷ್ಯನು ಎರಡು ಕಣ್ಣುಗಳಿಂದ ದೂರಸಮೀಪಗಳನ್ನು ಅರಿಯುವಂತೆ, ಈ ಎರಡು ಚಿತ್ರಗಳ ಅಂತರದಿಂದ ಗುಡ್ಡಗಳ ಎತ್ತರವನ್ನೂ ಕಣಿವೆಗಳ ಆಳವನ್ನೂ ಗಣಿಸಲು ಸಾಧ್ಯವಾಯಿತು. ರೂಪಕದ ಪರವಾಗಿ ಹೇಳತಕ್ಕದ್ದು ಇಷ್ಟು.

೩

ಇನ್ನು ದೋಷಪಕ್ಷ. ಕಣ್ಣು ನೋಡುತ್ತದೆ, ಉಪಗ್ರಹವು ಎಣಿಸುತ್ತದೆ. ನೆಲದಿಂದ ಮರಳಿದ ಬೆಳಕು ಎಷ್ಟೆಂಬುದನ್ನು ಬಿಂದುಬಿಂದುವಾಗಿ ಅಳೆದು ಸಂಖ್ಯೆಗಳನ್ನಾಗಿ ಕಳುಹಿಸುವುದು ಅದರ ಕೆಲಸ. ಆ ಕೆಲಸದ ಕಷ್ಟವನ್ನು ‘ಚುರುಕು ಕಣ್ಣು’ ಎಂಬ ಮಾತು ಮರೆಮಾಡುತ್ತದೆ. ಉಪಗ್ರಹದ ಕೆಳಗಿನ ನೆಲವು ಕ್ಷಣವೊಂದಕ್ಕೆ, ಎಂದರೆ ಒಂದು ಸೆಕೆಂಡಿಗೆ, ಸುಮಾರು ಏಳು ಕಿಲೋಮೀಟರು ಹಿಂದೆ ಸರಿಯುತ್ತದೆ. ಬಿಂದುವು ಒಂದು ಗೇಣಿನದಾದರೆ ಸೆಕೆಂಡಿಗೆ ೨೮,೦೦೦ ಸಾಲುಗಳನ್ನು ಬರೆದುಕೊಳ್ಳಬೇಕು. ಒಂದು ಸಾಲಿಗೆ ದೊರೆಯುವ ಕಾಲವು ಸೆಕೆಂಡಿನ ೨೮,೦೦೦ದಲ್ಲಿ ಒಂದು ಪಾಲು. ಅಷ್ಟರಲ್ಲಿ ಬೀಳುವ ಬೆಳಕು ಅತ್ಯಲ್ಪ. ಆದ್ದರಿಂದ ಇಂಥ ಯಂತ್ರಗಳನ್ನು ಮಾಡುವವರು ಅಗಲವಾದ ದರ್ಪಣವನ್ನು ಹೂಡಿ ಬೆಳಕನ್ನು ಹೆಚ್ಚಾಗಿ ಕೂಡಿಹಾಕಬೇಕಾಗುತ್ತದೆ, ಇಲ್ಲವೆ ಒಂದೇ ನೆಲವನ್ನು ಹಲವು ಸಾಲುಗಳಿಂದ ಒಂದರ ಹಿಂದೊಂದರಂತೆ ಅಳೆದು ಮೊತ್ತವನ್ನು ಕೂಡಿಸಬೇಕಾಗುತ್ತದೆ. ಕಾರ್ಟೊಸ್ಯಾಟ್-೨ರಲ್ಲಿ ಇನ್ನೊಂದು ಉಪಾಯವಿದ್ದಿತು. ಉಪಗ್ರಹವು ಮುಂದಕ್ಕೆ ಸಾಗುತ್ತಿದ್ದಂತೆ ತನ್ನ ಮೈಯನ್ನೇ ಹಿಂದಕ್ಕೆ ಹೊರಳಿಸಿ, ನೋಡಬೇಕಾದ ನೆಲವು ದೃಷ್ಟಿಯಿಂದ ಜಾರದಂತೆ ಹಿಡಿದುಕೊಳ್ಳುತ್ತಿದ್ದಿತು.

ಸೂಕ್ಷ್ಮತೆಗೆ ಕೊಡಬೇಕಾದ ಬೆಲೆಯೂ ಉಂಟು. ಐ.ಆರ್.ಎಸ್.-೧ಎ ತನ್ನ ದೊಡ್ಡ ಬಿಂದುಗಳಿಂದ ಒಂದೇ ಸಲಕ್ಕೆ ೧೪೮ ಕಿಲೋಮೀಟರು ಅಗಲದ ಪಟ್ಟಿಯನ್ನು ಚಿತ್ರಿಸುತ್ತಿದ್ದಿತು. ಕಾರ್ಟೊಸ್ಯಾಟ್-೩ರ ಪಟ್ಟಿಯ ಅಗಲವು ಸುಮಾರು ೧೬ ಕಿಲೋಮೀಟರು. ಹೆಚ್ಚು ಕಂಡಷ್ಟೂ ಕಡಿಮೆ ನೆಲವು ಕಾಣುತ್ತದೆ. ನಾಡಿನ ಬೆಳೆಯನ್ನೆಲ್ಲ ಅಂದಾಜುಮಾಡುವವನಿಗೆ ಒರಟಾದ ಚಿತ್ರವೇ ಮೇಲು. ಒಂದು ಬೀದಿಯ ನಕಾಶೆಯನ್ನು ಬರೆಯುವವನಿಗೆ ಗೇಣಿನ ಚಿತ್ರವು ಬೇಕು. ಸೂಕ್ಷ್ಮತೆಯೊಂದನ್ನೇ ಪ್ರಗತಿಯ ಅಳತೆಗೋಲಾಗಿ ಹಿಡಿಯುವ ಬರೆಹಗಳು ಪ್ರಯೋಜನವನ್ನು ಬಿಟ್ಟು ಪರಿಮಾಣವನ್ನು ಹೊಗಳಿದಂತಾಗುತ್ತದೆ. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಪ್ರತಿಪಾದಿಸಿದ ತತ್ತ್ವವು ಇಲ್ಲಿಯೂ ಸಲ್ಲತಕ್ಕದ್ದು. ಈ ಉಪಗ್ರಹಗಳನ್ನು ರಚಿಸಿದವರು ಅವುಗಳಿಗೆ ಇಟ್ಟ ಹೆಸರನ್ನಾದರೂ ಗಮನಿಸಬಹುದು. ‘ಕಾರ್ಟೊಸ್ಯಾಟ್’ ಎಂಬುದರ ಪೂರ್ವಪದವು ಸೂಚಿಸುವುದು ನಕಾಶೆಯ ರಚನೆಯನ್ನು, ಕಣ್ಣನ್ನಲ್ಲ.

೪

ಎರಡನೆಯ ದೋಷವು ಇದಕ್ಕಿಂತ ಗಹನವಾದುದು. ‘ಕಣ್ಣು’ ಎಂದೊಡನೆ ಚಿತ್ರದಿಂದ ಬರುವ ಜ್ಞಾನವು ಪ್ರತ್ಯಕ್ಷವೆಂಬ ಭಾವನೆ ಹುಟ್ಟುತ್ತದೆ. ವಸ್ತುಸ್ಥಿತಿಯಲ್ಲಿ ಅದು, ನೈಯಾಯಿಕರು ಹೇಳುವ ಅರ್ಥದಲ್ಲಿ, ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಬಣ್ಣವನ್ನು ಕಂಡು ಬೆಳೆಯನ್ನು ಊಹಿಸುವುದು ಅಲ್ಲಿಯ ರೀತಿ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯನ್ನು ಅಡುಗೆಮನೆಯಲ್ಲಿ ಮೊದಲೇ ಕಂಡುಕೊಂಡವನಿಗಲ್ಲದೆ ಬೆಟ್ಟದ ಮೇಲಿನ ಹೊಗೆಯು ಏನನ್ನೂ ತಿಳಿಸದು.

ಭಾರತದಲ್ಲಿ ಈ ವಿದ್ಯೆಯ ಆರಂಭವೇ ಇದಕ್ಕೆ ನಿದರ್ಶನ. ೧೯೭೦ರ ಸುಮಾರಿಗೆ ಪಿ. ಆರ್. ಪಿಶಾರೊಟಿಯವರೂ ಅವರ ಸಂಗಡಿಗರೂ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಚಿತ್ರಗಳನ್ನು ತೆಗೆದರು. ಬೇರಿನಿಂದ ಬಾಡುವ ರೋಗವೊಂದು ಅಲ್ಲಿ ಹಬ್ಬಿದ್ದಿತು. ಕೆಂಪಿನಾಚೆ ಇರುವ, ಮನುಷ್ಯನ ಕಣ್ಣಿಗೆ ಗೋಚರಿಸದ, ಅವಕೆಂಪು ಬೆಳಕನ್ನು ಆರೋಗ್ಯವಾದ ಎಲೆಯು ಹೇರಳವಾಗಿ ಹಿಂದಕ್ಕೆ ಕಳುಹಿಸುತ್ತದೆ. ರೋಗ ತಗುಲಿದ ಎಲೆಯು ಅಷ್ಟು ಕಳುಹಿಸಲಾರದು. ಆ ಬೆಳಕಿಗೆ ಸ್ಪಂದಿಸುವ ಫಿಲ್ಮಿನ ಮೇಲೆ ರೋಗದ ಮರಗಳು ಬೇರೆಯಾಗಿ ತೋರಿದವು. ಕಣ್ಣಿಗೆ ಕಾಣದ್ದನ್ನು ತೋರಿಸುವುದೇ ಇಲ್ಲಿಯ ವಿಶೇಷವಾಗಿರುವಾಗ ಅದನ್ನು ಕಣ್ಣೆಂದು ಕರೆಯುವುದು ಅದರ ಮಹಿಮೆಯನ್ನು ಕುಗ್ಗಿಸಿದಂತೆ. ಅಲ್ಲದೆ, ಬೇರೆಯಾಗಿ ತೋರಿದ ಮರಗಳು ರೋಗದವೇ ಎಂದು ಸ್ಥಿರಪಡಿಸುವುದು ಮರದ ಬುಡಕ್ಕೆ ಹೋಗಿ ನಿಂತವರಿಂದಲೇ ಆಗತಕ್ಕ ಕೆಲಸ.

ಹೇತ್ವಾಭಾಸಗಳಿಗೂ ಇಲ್ಲಿ ಕೊರತೆಯಿಲ್ಲ. ಅವಕೆಂಪು ಬೆಳಕನ್ನು ನೀರು ಹೀರಿಕೊಳ್ಳುವುದರಿಂದ ಕೆರೆಯು ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಬೆಟ್ಟದ ನೆರಳೂ ಕಪ್ಪಾಗಿಯೇ ತೋರುತ್ತದೆ. ಕೆರೆಯ ಮೇಲೆ ಜೊಂಡು, ಅಂತರಗಂಗೆಗಳು ದಟ್ಟವಾಗಿ ಹಬ್ಬಿದರೆ ಅದೇ ಕೆರೆಯು ಹುಲುಸಾದ ಹೊಲದಂತೆ ತೋರುತ್ತದೆ. ಬಿಂದುವನ್ನು ಗೇಣಿಗೆ ಇಳಿಸಿದ ಮಾತ್ರಕ್ಕೆ ಈ ಸಂಶಯಗಳೆಲ್ಲ ನಿವಾರಣೆಯಾಗಲಾರವು. ಗೇಣಿನ ಬಿಂದುವೆಂದರೆ ಗೇಣಿನ ವಸ್ತುವು ಗುರುತು ಸಿಗುತ್ತದೆಂದು ಅರ್ಥವೂ ಅಲ್ಲ; ಒಂದು ವಸ್ತುವನ್ನು ಇಂಥದೆಂದು ಹೇಳಲು ಅದರ ಮೇಲೆ ಹಲವು ಬಿಂದುಗಳು ಬೀಳಬೇಕು. ಚಿತ್ರದಲ್ಲಿ ಒಂದು ಗೆರೆಯು ಕಾಣುತ್ತದೆ. ಅದು ಕಾಲುವೆಯೇ, ಗಾಡಿಯ ಜಾಡೇ, ಹೊಲದ ಬದುವೇ, ಎಂಬುದನ್ನು ಆ ಸೀಮೆಯನ್ನು ಬಲ್ಲವನು ಹೇಳಬೇಕು.

ಗಣಕಯಂತ್ರಗಳೇ ಈಗ ಚಿತ್ರಗಳನ್ನು ಓದಬಲ್ಲುವಾದ್ದರಿಂದ ಸೀಮೆಯನ್ನು ಬಲ್ಲವನ ಆವಶ್ಯಕತೆ ತೀರಿತು ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಯಂತ್ರಗಳು ಕಲಿಯುವುದು ಉದಾಹರಣೆಗಳಿಂದ. ಇದು ರಾಗಿ, ಇದು ಜೋಳ, ಇದು ಬೀಳುಬಿಟ್ಟ ನೆಲ, ಎಂದು ಗುರುತುಹಾಕಿದ ಉದಾಹರಣೆಗಳನ್ನು ಮೊದಲು ನೆಲದ ಮೇಲೆ ನಿಂತವರು ಒದಗಿಸಬೇಕು. ಬೇರೊಂದು ನಾಡಿನ ಹೊಲಗಳಲ್ಲಿ ಪಾಠ ಕಲಿತ ಯಂತ್ರವು ಮೈಸೂರು ಸೀಮೆಯ ಅಕ್ಕಡಿ ಬೆಳೆಯನ್ನು ಕಂಡಾಗ ತಪ್ಪು ಹೇಳಿದರೆ ಆಶ್ಚರ್ಯವಿಲ್ಲ. ವ್ಯಾಪ್ತಿಯನ್ನು ಗ್ರಹಿಸುವ ಹೊಣೆಯು ಕೈಬದಲಾಯಿಸಿತೇ ಹೊರತು ಇಲ್ಲವಾಗಲಿಲ್ಲ.

೫

ಮೇಲಿನಿಂದ ಭೂಮಿಯನ್ನು ನೋಡುವ ಪ್ರಸಂಗವು ಸಾಹಿತ್ಯಕ್ಕೆ ಹೊಸದಲ್ಲ. ಅಲ್ಲಿ ಈ ವಿಷಯವನ್ನು ಕವಿಯು ಎಷ್ಟು ಚೆನ್ನಾಗಿ ಅರಿತಿದ್ದನೆಂಬುದನ್ನು ಕಾಣಬಹುದು. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಲ್ಲಿ ಕುಳಿತು ಲಂಕೆಯಿಂದ ಅಯೋಧ್ಯೆಗೆ ಮರಳುತ್ತಾನೆ. ಸಮುದ್ರ, ಮಾಲ್ಯವಂತ, ಪಂಪಾಸರೋವರ, ಪಂಚವಟಿ, ಚಿತ್ರಕೂಟ, ಗಂಗಾಯಮುನೆಗಳ ಸಂಗಮ, ಹೀಗೆ ದಕ್ಷಿಣದಿಂದ ಉತ್ತರಕ್ಕೆ ಒಂದೊಂದಾಗಿ ಸೀತೆಗೆ ತೋರಿಸುತ್ತಾನೆ. ಮಾಲ್ಯವಂತಪಂಪೆಗಳನ್ನು ಸಂಪ್ರದಾಯವು ಹಂಪೆಯ ನೆರೆಯಲ್ಲಿಯೇ ಗುರುತಿಸಿರುವುದರಿಂದ ಕನ್ನಡಿಗರಿಗೆ ಈ ಭಾಗವು ವಿಶೇಷವಾಗಿ ಪ್ರಿಯವಾದುದು. ಈ ವರ್ಣನೆಯನ್ನು ವಿಮಾನದಿಂದ ಕಂಡ ದೃಶ್ಯಗಳ ಮಾಲಿಕೆಯೆಂದು ಹೊಗಳುವುದುಂಟು. ಆದರೆ ಅದರ ಸ್ವಾರಸ್ಯವು ಎತ್ತರದಲ್ಲಿ ಇಲ್ಲ. ಒಂದು ಎಡೆಯನ್ನು ತೋರಿಸಿ ರಾಮನು, ಸೀತೆಯನ್ನು ಹುಡುಕುತ್ತ ಅಲೆಯುತ್ತಿದ್ದಾಗ ತನಗೆ ಅವಳ ಒಂದು ಕಾಲಂದುಗೆಯು ನೆಲದಲ್ಲಿ ಬಿದ್ದದ್ದು ಸಿಕ್ಕಿದ ಜಾಗವು ಅದೇ ಎನ್ನುತ್ತಾನೆ. ಆಕಾಶದಿಂದ ಕಾಣುವುದು ಬರಿಯ ನೆಲ. ಅಂದುಗೆಯು ಅಲ್ಲಿಲ್ಲ, ಎಷ್ಟು ಚುರುಕಾದ ಕಣ್ಣಿಗೂ ಅದು ತೋರದು. ಆ ನೆಲದ ಮೇಲೆ ಹಿಂದೆ ಕಾಲ್ನಡಿಗೆಯಲ್ಲಿ ಅಲೆದವನಿಗೆ ಮಾತ್ರ ಅದು ಅರ್ಥವನ್ನು ಕೊಡುತ್ತದೆ. ಪುಷ್ಪಕವು ಎತ್ತರವನ್ನು ಒದಗಿಸಿತು. ಅರ್ಥವನ್ನು ಒದಗಿಸಿದ್ದು ವನವಾಸ.

ಮೇಘದೂತದಲ್ಲಿಯೂ ಇದೇ ತತ್ತ್ವವನ್ನು ಬೇರೊಂದು ರೀತಿಯಲ್ಲಿ ಕಾಣಬಹುದು. ಮೇಲೆ ಸಾಗುವುದು ಮೇಘ. ಆದರೆ ದಾರಿಯಲ್ಲಿ ಸಿಕ್ಕುವ ಬೆಟ್ಟವಾವುದು, ಹೊಳೆಯಾವುದು, ಊರಾವುದು ಎಂಬುದನ್ನು ಅದಕ್ಕೆ ಹೇಳಿಕೊಡುವವನು ರಾಮಗಿರಿಯಲ್ಲಿ ನಿಂತ ಯಕ್ಷ. ಮೇಘಕ್ಕೆ ಎತ್ತರವುಂಟು, ಅರಿವಿಲ್ಲ. ಯಕ್ಷನಿಗೆ ಅರಿವುಂಟು, ಎತ್ತರವಿಲ್ಲ. ಇವೆರಡೂ ಕೂಡಿದಲ್ಲದೆ ಸಂದೇಶವು ಅಲಕೆಯನ್ನು ಮುಟ್ಟಲಾರದು.

೬

ಮೂರನೆಯ ದೋಷವು ಒಡೆತನಕ್ಕೆ ಸಂಬಂಧಪಟ್ಟುದು. ಕಣ್ಣು ಒಂದು ದೇಹಕ್ಕೆ ಸೇರಿದ್ದು. ಅದು ಕಂಡದ್ದು ಆ ದೇಹದ ಒಡೆಯನಿಗೆ ಮಾತ್ರ ತಿಳಿಯುತ್ತದೆ. ದೇಶದ ಕಣ್ಣೆಂದ ಮೇಲೆ ನೋಡುವ ಆ ಒಡೆಯನು ಯಾರು? ರೂಪಕವು ಈ ಪ್ರಶ್ನೆಯನ್ನು ಎತ್ತದೆ, ಸರ್ಕಾರವೇ ನೋಡತಕ್ಕುದೆಂಬ ಉತ್ತರವನ್ನು ಸದ್ದಿಲ್ಲದೆ ಒಪ್ಪಿಸಿಬಿಡುತ್ತದೆ. ೨೦೦೧ರ ದೂರಸಂವೇದನ ನೀತಿಯಂತೆ ೫.೮ ಮೀಟರುವರೆಗಿನ ಚಿತ್ರಗಳನ್ನು ಭೇದವಿಲ್ಲದೆ ಹಂಚಬಹುದಾಗಿತ್ತು. ಅದಕ್ಕಿಂತ ಸೂಕ್ಷ್ಮವಾದವು ಪರಿಶೀಲನೆಗೆ ಒಳಪಟ್ಟವು. ೨೦೧೧ರಲ್ಲಿ ಈ ಮೇರೆಯನ್ನು ಒಂದು ಮೀಟರಿಗೆ ಇಳಿಸಿದರು. ಈ ನಡುವೆ ೨೦೦೫ರಲ್ಲಿ ಗೂಗಲ್ ಅರ್ಥ್ ಬಂದು, ಪರದೇಶದ ಉಪಗ್ರಹಗಳು ತೆಗೆದ ಸೂಕ್ಷ್ಮಚಿತ್ರಗಳನ್ನು ಗಣಕಯಂತ್ರವುಳ್ಳ ಯಾರಿಗಾದರೂ ತೋರಿಸತೊಡಗಿತು. ಭಾರತದ ವಿದ್ವಾಂಸನೊಬ್ಬನು ತನ್ನ ಊರಿನ ಕೋಟೆಯನ್ನು ಮೇಲಿನಿಂದ ನೋಡಬಯಸಿದರೆ ಸ್ವದೇಶದ ಚಿತ್ರಕ್ಕಿಂತ ಪರದೇಶದ ಚಿತ್ರವು ಅವನಿಗೆ ಸುಲಭವಾಗಿ ದೊರೆಯುವ ವಿಪರ್ಯಾಸವು ಹೀಗೆ ಉಂಟಾಯಿತು.

ದೇಶರಕ್ಷಣೆಯ ಕಾರಣವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೇನೆಯ ನೆಲೆಗಳ ಚಿತ್ರವನ್ನು ಬೀದಿಯಲ್ಲಿ ಹಂಚಬೇಕೆಂದು ಯಾರೂ ವಾದಿಸಲಾರರು. ಆದರೆ ಕೆಲವು ಎಡೆಗಳನ್ನು ಮರೆಮಾಡುವುದು ಬೇರೆ, ಎಲ್ಲ ಎಡೆಗಳಿಗೂ ಒಂದೇ ಪರದೆಯನ್ನು ಇಳಿಬಿಡುವುದು ಬೇರೆ. ಅಲ್ಲದೆ ಪರದೇಶದ ಉಪಗ್ರಹವು ಈಗಾಗಲೇ ತೋರಿಸುತ್ತಿರುವ ನೆಲವನ್ನು ಸ್ವದೇಶದ ವಿದ್ಯಾರ್ಥಿಯಿಂದ ಮರೆಮಾಡಿದರೆ ರಕ್ಷಣೆಯಾಗುವುದು ಯಾವುದು ಎಂಬುದು ವಿಚಾರಣೀಯ. ಸ್ಥಿತಿಯು ಕ್ರಮೇಣ ಸುಧಾರಿಸಿದೆಯೆಂಬುದನ್ನೂ ಹೇಳಬೇಕು. ೨೦೦೯ರಲ್ಲಿ ‘ಭುವನ್’ ಎಂಬ ಚಿತ್ರಭಂಡಾರವು ತೆರೆಯಿತು. ಕಾರ್ಟೊಸ್ಯಾಟ್-೧ರಿಂದ ಗಣಿಸಿದ ನೆಲದ ಎತ್ತರಗಳು ಅಲ್ಲಿ ದೊರೆಯುತ್ತವೆ. ೨೦೨೩ರ ಅಂತರಿಕ್ಷನೀತಿಯು ೫ ಮೀಟರು ಮತ್ತು ಅದಕ್ಕಿಂತ ಒರಟಾದ ಚಿತ್ರಗಳನ್ನು ಬೆಲೆಯಿಲ್ಲದೆ ಎಲ್ಲರಿಗೂ ತೆರೆದಿಡತಕ್ಕದ್ದೆಂದು ಹೇಳಿತು. ಅಮೆರಿಕದಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ೨೦೦೮ರಲ್ಲಿ ಹೀಗೆಯೇ ತೆರೆದ ಮೇಲೆ ಅವುಗಳ ಬಳಕೆಯು ಹಿಂದೆಂದೂ ಇಲ್ಲದಷ್ಟು ಬೆಳೆಯಿತು. ಆದರೆ ಬೀದಿ, ಬದು, ಕೋಟೆಯ ಗೋಡೆ, ಕೆರೆಯ ತೂಬು ಇವುಗಳನ್ನು ತೋರಿಸುವ ಚಿತ್ರಗಳು ಐದು ಮೀಟರಿನ ಈಚೆಗೆ ಉಳಿದುವು.

೭

ಹಾಗಾದರೆ ಈ ರೂಪಕಕ್ಕೆ ಬದಲು ಯಾವುದು? ಕನ್ನಡದ ಸಂಶೋಧನಕ್ಕೆ ಚಿರಪರಿಚಿತವಾದ ಒಂದು ವಸ್ತುವು ಇಲ್ಲಿ ಹೆಚ್ಚು ಉಚಿತವಾಗಿ ತೋರುತ್ತದೆ. ಅದು ಶಾಸನದ ಪಡಿಯಚ್ಚು. ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಒತ್ತಿ, ಮಸಿಯನ್ನು ತಟ್ಟಿ ತೆಗೆದ ಪಡಿಯಚ್ಚು ಶಾಸನವೂ ಅಲ್ಲ, ಶಾಸನದ ಪಾಠವೂ ಅಲ್ಲ. ಉಬ್ಬುತಗ್ಗುಗಳನ್ನು ಅದು ಇದ್ದಂತೆ ಎತ್ತಿಕೊಂಡು ಬರುತ್ತದೆ. ಅಕ್ಷರವನ್ನೂ ಕಲ್ಲಿನ ಬಿರುಕನ್ನೂ ಒಂದೇ ನಿಷ್ಠೆಯಿಂದ ತೋರಿಸುತ್ತದೆ. ಯಾವುದು ಅಕ್ಷರ, ಯಾವುದು ಬಿರುಕು, ಎಂಬುದನ್ನು ಲಿಪಿಯನ್ನೂ ಭಾಷೆಯನ್ನೂ ಆ ಊರಿನ ಇತಿಹಾಸವನ್ನೂ ಬಲ್ಲವನು ನಿರ್ಣಯಿಸುತ್ತಾನೆ. ಉಪಗ್ರಹವು ನೆಲದಿಂದ ಎತ್ತಿಕೊಳ್ಳುವುದೂ ಇಂಥ ಪಡಿಯಚ್ಚನ್ನೇ. ಬೆಳಕು ಅದರ ಮಸಿ.

ಪಡಿಯಚ್ಚಿನ ವಿಷಯದಲ್ಲಿ ಕನ್ನಡ ವಿದ್ವತ್ತು ಕಲಿತ ಪಾಠವೊಂದು ಇಲ್ಲಿ ಸ್ಮರಣೀಯ. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ ೧೪೪ ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನೇ ಪರಿಷ್ಕರಿಸಿ ಹೊರತಂದಾಗ ಅವುಗಳ ಸಂಖ್ಯೆ ೫೦೦ಕ್ಕೆ ಏರಿತು. ಬೆಟ್ಟಗಳು ಅವೇ, ಬಂಡೆಗಳೂ ಅವೇ; ಬದಲಾದವರು ಓದುಗರು. ರೈಸ್ ಅವರು ತಾವು ಓದಿದ ಪಾಠಗಳನ್ನು ಮುದ್ರಿಸಿ ಎಲ್ಲರ ಮುಂದಿಟ್ಟದ್ದರಿಂದಲೇ ಎರಡನೆಯವನಿಗೆ ಅದನ್ನು ತಿದ್ದಲೂ ಬೆಳೆಸಲೂ ಅವಕಾಶವಾಯಿತು. ಪಡಿಯಚ್ಚುಗಳು ಒಂದು ಕಚೇರಿಯ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಆ ಮೊದಲ ಓದೇ ಕಡೆಯ ಓದಾಗುತ್ತಿತ್ತು.

ಗೇಣಿನಷ್ಟು ನೆಲವನ್ನು ಐನೂರು ಕಿಲೋಮೀಟರಿನ ಎತ್ತರದಿಂದ ಎತ್ತಿಕೊಳ್ಳುವ ಯಂತ್ರವನ್ನು ಭಾರತವು ಸ್ವಶಕ್ತಿಯಿಂದ ನಿರ್ಮಿಸಿತು. ಇದು ಸಾಮಾನ್ಯವಾದ ಸಿದ್ಧಿಯಲ್ಲ. ಆದರೆ ಸ್ವಂತವೆಂಬ ಮಾತು ಯಂತ್ರದೊಂದಿಗೆ ಮುಗಿಯತಕ್ಕದ್ದಲ್ಲ. ಚಿತ್ರವನ್ನು ಓದುವ ವಿದ್ಯೆಯು ಹಳ್ಳಿಯ ಶಾಲೆಯ ಉಪಾಧ್ಯಾಯನಿಗೂ, ಕೆರೆಯ ನೀರುಗಂಟಿಗೂ, ಸ್ಥಳಪುರಾಣವನ್ನು ಶೋಧಿಸುವ ವಿದ್ವಾಂಸನಿಗೂ ಎಟುಕುವಂತಾಗಬೇಕು. ಅವರ ಕೈಗೆ ಚಿತ್ರವು ದೊರೆಯಬೇಕು. ಅವರು ತಿದ್ದಿದ ಪಾಠವು ಚಿತ್ರಭಂಡಾರಕ್ಕೆ ಮರಳಿ ಸೇರಬೇಕು. ಅಲ್ಲಿಯ ತನಕ ಎತ್ತರವು ಭಾರತದ್ದಾಗಿದ್ದರೂ ನೋಟವು ಪೂರ್ಣವಾಗಿ ಭಾರತದ್ದಾಯಿತೆಂದು ಹೇಳಲಾಗದು.